570ಕ್ಕೆ ಬಾಗಿಲು ತೆರೆಯುವ ಅಡಿಕೆ ಅಂಗಡಿ

(ಕಾಸರಗೋಡಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಕನ್ನಡ ವಿದ್ಯಾರ್ಥಿಗಳ ಮುಂದೆ, ಯಾವ ಫ್ರೇಮ್‌ವರ್ಕ್ (ಪ್ರೋಗ್ರಾಮ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು) ಒಳ್ಳೆಯದು ಅನ್ನುವ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಸ್ವಾಗತ, ವಂದನೆಗಳನ್ನು ಬಿಟ್ಟಿದ್ದೇನೆ. ನಡುವೆ ದಾರಿ ತಪ್ಪಿದ್ದನ್ನು ಹಾಗೇ ಇಟ್ಟಿದ್ದೇನೆ.)

ನನಗೆ ದೂರದ ಸಂಬಂಧದಲ್ಲಿ ಮಾವ ಆಗಬೇಕಾದ ಒಬ್ಬರು ಅಡಿಕೆ ವ್ಯಾಪಾರ ಮಾಡುತ್ತಾರೆ. ಕಾಸರಗೋಡು, ಕಾಞಂಗಾಡು, ಮಂಗಳೂರು, ಹೀಗೆ ಮೂರು ಕಡೆ ಅಂಗಡಿ. ದಿನದ ದರ ತೋರಿಸುವ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಡು ಅಂದರು. ಪೈಥಾನ್‌ನಲ್ಲಿ ಎರಡು ದಿನದ ಕೆಲಸ. ಅಂಗಡಿಗಳ ವಿಳಾಸ, ಫೋನು, ತೆರೆಯುವ ಸಮಯ ಇವನ್ನೆಲ್ಲ ಒಂದು ಯಾಮಲ್ ಫೈಲಿನಲ್ಲಿ, ಅಂದರೆ ಸೆಟ್ಟಿಂಗುಗಳನ್ನು ಸಾಮಾನ್ಯ ಬರಹವಾಗಿ ಬರೆದಿಡುವ ಫೈಲಿನಲ್ಲಿ, ಇಟ್ಟೆ, ಯಾಕೆಂದರೆ ನಾಳೆ ಸಮಯ ಬದಲಾದರೆ ಅವರ ಮಗನೇ ತಿದ್ದಿಕೊಳ್ಳಲಿ, ನನಗೆ ಫೋನು ಬರುವುದು ಬೇಡ ಅಂತ. ಫೋನು ಮರುದಿನವೇ ಬಂತು. "ಎಂತ ಮಾರಾಯ, ಕಾಸರಗೋಡಿನ ಅಂಗಡಿ 570ಕ್ಕೆ ತೆರೆಯುತ್ತದೆ ಅಂತ ಬರ್ತಾ ಉಂಟಲ್ಲ, ನಿನ್ನ ಗಡಿಯಾರದಲ್ಲಿ ಎಷ್ಟು ಗಂಟೆ ಉಂಟು?"

ನಾನು ಫೈಲಿನಲ್ಲಿ ಬರೆದದ್ದು 9:30. ಪೈಥಾನ್‌ನಲ್ಲಿ ಎಲ್ಲರೂ ಬಳಸುವ ಯಾಮಲ್ ಲೈಬ್ರರಿ ಈಗಲೂ ಯಾಮಲ್‌ನ ಹಳೆಯ 1.1 ಆವೃತ್ತಿಯ ನಿಯಮವನ್ನೇ ನಡೆಸಿಕೊಂಡು ಬರುತ್ತಿದೆ. ಆ ನಿಯಮದಲ್ಲಿ ಎರಡು ಸಂಖ್ಯೆಗಳ ನಡುವೆ ಕೋಲನ್ ಇದ್ದರೆ ಅದು ಅರುವತ್ತರ ಲೆಕ್ಕ. ಒಂಬತ್ತು ಅರುವತ್ತಲೆ 540, ಅದಕ್ಕೆ 30 ಸೇರಿಸಿ, 570. ತಮಾಷೆ ಏನೆಂದರೆ ಮಂಗಳೂರಿನ ಅಂಗಡಿಯ ಸಮಯ ಸರಿಯಾಗಿಯೇ ಬರುತ್ತಿತ್ತು. ಅದನ್ನು ಟೈಪ್ ಮಾಡಿದ್ದು ಮಾವನ ಮಗ. ಅವನು 09:30 ಅಂತ ಮುಂದೆ ಸೊನ್ನೆ ಹಾಕಿ ಬರೆದಿದ್ದ. ಮುಂದೆ ಸೊನ್ನೆ ಇದ್ದರೆ ಆ ನಿಯಮಕ್ಕೆ ಅದು ಸಂಖ್ಯೆಯೇ ಅಲ್ಲ, ಸುಮ್ನೆ ಅಕ್ಷರ. ಹಾಗಾಗಿ ಬರೆದದ್ದು ಬರೆದ ಹಾಗೆ ಉಳಿಯಿತು. ಹುಡುಗನದ್ದು ಸರಿ, ಹದಿನೈದು ವರ್ಷ ಕೋಡ್ ಬರೆದವನದ್ದು ತಪ್ಪು.

ಇಷ್ಟಕ್ಕೇ ಮುಗಿಯಲಿಲ್ಲ. ಎಸ್‌ಟಿಡಿ ಕೋಡ್ ನೋಡಿ. ಕಾಸರಗೋಡು 04994, ಸರಿಯಾಗಿ ಬಂತು. ಮಂಗಳೂರು 0824, ಅದೂ ಸರಿ. ಕಾಞಂಗಾಡಿನ 0467 ಮಾತ್ರ 311 ಆಗಿತ್ತು. ಯಾಕೆ ಹೇಳಿ ನೋಡೋಣ? ... ಹಿಂದಿನ ಸಾಲಿನಿಂದ ಉತ್ತರ ಬಂತು, ಹೌದು, ಎಂಟರ ಲೆಕ್ಕ. ಸೊನ್ನೆಯಿಂದ ಶುರುವಾಗಿ ಬರೀ ಸೊನ್ನೆಯಿಂದ ಏಳರವರೆಗಿನ ಅಂಕಿಗಳೇ ಇದ್ದರೆ ಅದನ್ನು ಆಕ್ಟಲ್ ಅಂತ ಓದುತ್ತದೆ. ನಾಲ್ಕು ಅರುವತ್ತನಾಲ್ಕಲೆ 256, ಆರೆಂಟಲೆ 48, ಮತ್ತೆ ಏಳು, 311. ಕಾಸರಗೋಡಿನ ನಂಬರಿನಲ್ಲಿ ಒಂಬತ್ತು ಇದೆ, ಮಂಗಳೂರಿನದ್ದರಲ್ಲಿ ಎಂಟು ಇದೆ, ಅವು ಬಚಾವಾದವು. ನಾನು ಕಾಸರಗೋಡಿನ ನಂಬರು ಒಂದನ್ನೇ ನೋಡಿ ಎಲ್ಲ ಸರಿ ಇದೆ ಅಂದುಕೊಂಡಿದ್ದರೆ ಕಾಞಂಗಾಡಿನವರು ಇವತ್ತಿಗೂ 311 ಒತ್ತುತ್ತಾ ಇರುತ್ತಿದ್ದರು.

ಅಂಗಡಿಯ ಈ ವಿವರ ಕಾನ್ಫಿಗರೇಶನ್ ಅಲ್ಲ, ಅಂದರೆ ಪ್ರೋಗ್ರಾಮಿನ ಸೆಟ್ಟಿಂಗ್ ಅಲ್ಲ, ಡೇಟಾ, ಅಂತ ಹೇಳುವವರು ಇಲ್ಲಿ ಇದ್ದೀರಿ, ಮುಖದಲ್ಲೇ ಕಾಣುತ್ತದೆ. ಆ ಜಗಳ ಚಹಾ ಕುಡಿಯುವಾಗ ಮಾಡೋಣ. ಇದೇ ಗುಣದಿಂದ ನಾರ್ವೆ ದೇಶದ ಸಂಕೇತ, ಎನ್ ಮತ್ತು ಓ, 'ನೋ' ಅಂತ ಓದಿಸಿಕೊಂಡು 'ಫಾಲ್ಸ್' ಆಗಿಬಿಡುತ್ತದೆ, ಅದು ಜಗತ್ತಿಡೀ ಗೊತ್ತಿರುವ ಕತೆ. 2009ರಲ್ಲಿ ಬಂದ ಯಾಮಲ್ 1.2ರಲ್ಲಿ ಇದರಲ್ಲಿ ಹೆಚ್ಚಿನದನ್ನು ಸರಿಮಾಡಿದ್ದಾರೆ. ಆದರೆ ಲೈಬ್ರರಿಗಳು ಬದಲಾಗಬೇಕಲ್ಲ.

ನನ್ನನ್ನು ಇಲ್ಲಿಗೆ ಕರೆದದ್ದು ಯಾವ ಫ್ರೇಮ್‌ವರ್ಕ್ ಒಳ್ಳೆಯದು ಅಂತ ಹೇಳುವುದಕ್ಕೆ. ಅಂಗಡಿಯ ಕತೆ ಮೊದಲು ಹೇಳಿದ್ದು ಯಾಕೆಂದರೆ, ಆ ದಿನದಿಂದ ನಾನು ಯಾಮಲ್ ಅಂದರೆ ಮೂಗು ಮುರಿಯುವವನಾದೆ. ಯಾರಾದರೂ ಕೇಳಿದರೆ ದೊಡ್ಡದಾಗಿ ಕಾರಣ ಕೊಡುತ್ತೇನೆ, ವಿನ್ಯಾಸ, ಓದುವ ಸುಲಭ ಅಂತ. ನಿಜವಾದ ಕಾರಣ ಮಾವನ ಮುಂದೆ ಮರ್ಯಾದೆ ಹೋದದ್ದು. ನಮ್ಮ ಇಷ್ಟಗಳು ಹೆಚ್ಚಿನವು ಹೀಗೇ ಹುಟ್ಟುತ್ತವೆ. ಒಬ್ಬರಿಗೆ ಎಕ್ಸ್‌ಎಮ್‌ಎಲ್ ಕಂಡರೆ ಆಗದು, ಇನ್ನೊಬ್ಬರಿಗೆ ಕೋಡಿನ ಮೇಲೇ ಚೀಟಿಯ ಹಾಗೆ ಅಂಟಿಸುವ ಅನೋಟೇಶನ್ ಆಗದು, ಮತ್ತೊಬ್ಬರು ಎಲ್ಲವನ್ನೂ ಕೋಡಿನಲ್ಲೇ ಬರೆಯಿರಿ ಅನ್ನುತ್ತಾರೆ. ಕೆದಕಿ ನೋಡಿದರೆ ಅಡಿಯಲ್ಲಿ ನಿದ್ದೆಗೆಟ್ಟ ಒಂದು ರಾತ್ರಿ ಇರುತ್ತದೆ.

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದು 2008ರಲ್ಲಿ, ಜಾವಾ ಕೆಲಸ. ಆಗ ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕ್ ಅಂದರೆ ಎಕ್ಸ್‌ಎಮ್‌ಎಲ್. ಸ್ಪ್ರಿಂಗ್ 1.0 ಬಂದದ್ದು 2004ರ ಮಾರ್ಚ್‌ನಲ್ಲಿ. ಆಗ ಜಾವಾದಲ್ಲಿ ಅನೋಟೇಶನ್ ಇರಲೇ ಇಲ್ಲ, ಅದು ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಜಾವಾ 5ರ ಜೊತೆ. ಹಾಗಾಗಿ ಯಾವ ಕ್ಲಾಸು ಯಾವುದನ್ನು ಬಳಸಬೇಕು ಅನ್ನುವುದನ್ನೆಲ್ಲ ಎಕ್ಸ್‌ಎಮ್‌ಎಲ್ ಫೈಲಿನಲ್ಲಿ ಬರೆಯಬೇಕಿತ್ತು. ನಮ್ಮ ಪ್ರಾಜೆಕ್ಟಿನಲ್ಲಿ ಅಂಥ ಫೈಲುಗಳು ಎಷ್ಟು ಉದ್ದ ಇದ್ದವು ಅಂದರೆ, ಬೆಳಿಗ್ಗೆ ಸ್ಕ್ರಾಲ್ ಮಾಡಲು ಶುರುಮಾಡಿದರೆ ಊಟದ ಹೊತ್ತಿಗೆ ಕೊನೆ ಸಿಗುತ್ತಿತ್ತು ಅಂತ ನಾವು ಹೇಳಿಕೊಳ್ಳುತ್ತಿದ್ದೆವು. ಯಾಕೆ ಹೀಗೆ ಅಂತ ಕೇಳಿದರೆ ಹಿರಿಯರು ಹೇಳುವ ಉತ್ತರ ಒಂದೇ: "ಕೋಡನ್ನು ಮತ್ತೆ ಕಂಪೈಲ್ ಮಾಡದೆ ಬದಲಾಯಿಸಬಹುದಲ್ವಾ?" ನಾನು ಅಲ್ಲಿದ್ದ ನಾಲ್ಕು ವರ್ಷದಲ್ಲಿ ಒಬ್ಬರೂ ಸರ್ವರಿನ ಮೇಲೆ ಹೋಗಿ ಆ ಫೈಲನ್ನು ತಿದ್ದಿದ್ದನ್ನು ನೋಡಲಿಲ್ಲ. ಒಂದು ಅಕ್ಷರ ಬದಲಾದರೂ ಪೂರ್ತಿ ಬಿಲ್ಡ್ ಮಾಡಿ, ಟೆಸ್ಟ್ ಮಾಡಿ, ಹೊಸದಾಗಿಯೇ ಹಾಕುತ್ತಿದ್ದರು. ಹಾಗೆ ಮಾಡಿದ್ದೂ ಸರಿಯೇ.

ಆದರೆ ಒಂದು ಮಾತು. ಅದನ್ನು ಬೈಯುತ್ತಾ ಇದ್ದ ಕಾಲದಲ್ಲಿ ನನಗೆ ಗೊತ್ತಾಗಲಿಲ್ಲ. ಆ ಎಕ್ಸ್‌ಎಮ್‌ಎಲ್‌ಗೆ ಒಂದು ಸ್ಕೀಮಾ ಇತ್ತು, ಅಂದರೆ ಅಲ್ಲಿ ಏನೇನು ಬರೆಯಬಹುದು ಅನ್ನುವ ನಿಯಮಗಳ ಪಟ್ಟಿ. ಗುಣದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ, ಕ್ಲಾಸಿನ ಹೆಸರು ತಪ್ಪಿದರೆ, ಅಪ್ಲಿಕೇಶನ್ ಶುರುವೇ ಆಗುತ್ತಿರಲಿಲ್ಲ. ಪರದೆ ತುಂಬ ಕೆಂಪು ಅಕ್ಷರದಲ್ಲಿ ಬೊಬ್ಬೆ ಹಾಕುತ್ತಿತ್ತು. ಉಪದ್ರ ಅನಿಸುತ್ತಿತ್ತು. ಈಗ ಅದರ ಬೆಲೆ ಗೊತ್ತಾಗಿದೆ.

ಆಮೇಲೆ ಅನೋಟೇಶನ್ ಬಂತು, ಜಾವಾದಲ್ಲೇ ಕಾನ್ಫಿಗರೇಶನ್ ಬರೆಯುವುದು ಬಂತು, ಅದನ್ನು ಬೇಗ ದಾಟುತ್ತೇನೆ. 2014ರ ಏಪ್ರಿಲ್‌ನಲ್ಲಿ ಸ್ಪ್ರಿಂಗ್ ಬೂಟ್ 1.0 ಬಂತು. ನೀವು ಕಲಿಯುತ್ತಿರುವುದು ಅದನ್ನೇ ಇರಬೇಕು. ಅದರ ದಾರಿ ಬೇರೆ. ನೀವು ಯಾವ ಲೈಬ್ರರಿ ಹಾಕಿದ್ದೀರಿ ಅಂತ ನೋಡಿ, ಓ ಇವನಿಗೆ ಇದು ಬೇಕಿರಬೇಕು ಅಂತ ತಾನೇ ಊಹಿಸಿ ಎಲ್ಲ ಜೋಡಿಸಿಕೊಡುತ್ತದೆ. ಮನೆಗೆ ಬಂದವರಿಗೆ ಕೇಳದೆಯೇ ಬಾಯಾರಿಕೆಗೆ ಕೊಡುತ್ತೇವಲ್ಲ, ಹಾಗೆ. ಒಳ್ಳೆಯದೇ. ನನ್ನ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ದಿನ ಬಂದು, "ಸರ್, ರೀಸ್ಟಾರ್ಟ್ ಮಾಡಿದ್ರೆ ಡೇಟಾ ಎಲ್ಲ ಹೋಗ್ತದೆ" ಅಂದಳು. ನೋಡಿದರೆ, ಟೆಸ್ಟಿಗೆ ಬೇಕು ಅಂತ ಯಾರೋ ಹಾಕಿದ್ದ ಎಚ್2 ಡೇಟಾಬೇಸಿನ ಲೈಬ್ರರಿ ಅಲ್ಲಿತ್ತು, ನಿಜವಾದ ಡೇಟಾಬೇಸಿನ ವಿಳಾಸವನ್ನು ಅವಳು ಕೊಟ್ಟಿರಲಿಲ್ಲ. ಬೂಟ್ ಸುಮ್ಮನೆ ಮೆಮೊರಿಯಲ್ಲಿ ಒಂದು ಡೇಟಾಬೇಸ್ ಮಾಡಿಕೊಟ್ಟಿತ್ತು. ಮೂರು ದಿನ ಅದರಲ್ಲೇ ಕೆಲಸ ಮಾಡಿದ್ದಾಳೆ, ಪಾಪ. ಅಂಥ ಹೊತ್ತಿಗೆ ಡೀಬಗ್ ಅನ್ನುವ ಆಯ್ಕೆ ಕೊಟ್ಟು ಶುರುಮಾಡಿದರೆ ತಾನು ಏನೇನು ಊಹಿಸಿದೆ, ಯಾಕೆ ಊಹಿಸಿದೆ ಅಂತ ಬೂಟ್ ಪೂರ್ತಿ ಪಟ್ಟಿ ಕೊಡುತ್ತದೆ. ಅದು ಇದೆ ಅಂತ ಗೊತ್ತಿರಬೇಕು ಅಷ್ಟೆ.

ಇನ್ನೊಂದು ಮಾಡಿ ನೋಡಿ, ಇವತ್ತು ಮನೆಗೆ ಹೋಗಿ. ಬೂಟ್‌ನ ಪ್ರಾಪರ್ಟೀಸ್ ಫೈಲಿನಲ್ಲಿ 'ಸರ್ವರ್ ಡಾಟ್ ಪೋರ್ಟ್' ಅನ್ನುವಲ್ಲಿ ಒಂದು 'ಆರ್' ಬಿಟ್ಟು ಬರೆಯಿರಿ, 'ಸೆವರ್ ಡಾಟ್ ಪೋರ್ಟ್', ಅದಕ್ಕೆ 8081 ಕೊಡಿ. ಏನೂ ಆಗುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ. ಎಂದಿನಂತೆ 8080ರಲ್ಲೇ ಶುರುವಾಗುತ್ತದೆ. ಅದಕ್ಕೆ ಗೊತ್ತಿಲ್ಲದ ಹೆಸರು ಕಂಡರೆ ಬೂಟ್ ಅದರ ಗೊಡವೆಗೆ ಹೋಗುವುದಿಲ್ಲ.

ಈ ಊಹೆ, ರೂಢಿ ಅನ್ನುವುದನ್ನು ಒಂದು ಸಿದ್ಧಾಂತದ ಹಾಗೆ ಮಾಡಿ ಜನಪ್ರಿಯ ಮಾಡಿದ್ದು ರೂಬಿ ಭಾಷೆಯ ಫ್ರೇಮ್‌ವರ್ಕ್ ರೂಬಿ ಆನ್ ರೇಲ್ಸ್. ಡೆನ್ಮಾರ್ಕಿನ ಡೇವಿಡ್ ಹೈನಮೈಯರ್ ಹ್ಯಾನ್ಸನ್ 2004ರಲ್ಲಿ ಹೊರತಂದದ್ದು. ಅಲ್ಲಿ ನೀವು 'ಪರ್ಸನ್' ಅಂತ ಕ್ಲಾಸು ಬರೆದರೆ ಟೇಬಲ್ಲಿನ ಹೆಸರು 'ಪೀಪಲ್' ಅಂತ ಅದಕ್ಕೇ ಗೊತ್ತು. ಎಲ್ಲೂ ಬರೆಯಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅಕ್ಕಿಗೆ ಬಹುವಚನ ಇಲ್ಲ ಅಂತಲೂ ರೇಲ್ಸ್‌ಗೆ ಗೊತ್ತು, 'ರೈಸ್' ಅನ್ನುವ ಶಬ್ದ ಅದರ ಪಟ್ಟಿಯಲ್ಲೇ ಇದೆ. ನಮ್ಮ ಅಡಿಕೆ ಮಾತ್ರ ಗೊತ್ತಿಲ್ಲ. 'ಅಡಿಕೆ' ಅಂತ ಕ್ಲಾಸು ಮಾಡಿದರೆ 'ಅಡಿಕೆಸ್' ಅನ್ನುವ ಟೇಬಲ್ಲು ಹುಡುಕಿಕೊಂಡು ಹೋಗುತ್ತದೆ.

ರೂಢಿಯ ಬಗ್ಗೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ನಿಂತು ನಾನು ವಿವರಿಸಬೇಕಾಗಿಲ್ಲ. ತಾಳಮದ್ದಳೆ ನೋಡಿದ್ದೀರಿ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ ಎಲ್ಲೂ ಬರೆದಿಲ್ಲ. ಸಂಜೆ ಆರಕ್ಕೆ ಮೊದಲ ಸಲ ಮುಖ ನೋಡಿಕೊಂಡ ನಾಲ್ಕು ಅರ್ಥಧಾರಿಗಳು ಏಳಕ್ಕೆ ಕೂತು ಮಾತಾಡಲು ಶುರುಮಾಡುತ್ತಾರೆ. ಯಾರು ಮೊದಲು ಮಾತು ಎತ್ತಬೇಕು, ಭಾಗವತರು ಪದ್ಯ ಎತ್ತುವ ಮೊದಲು ಎಲ್ಲಿ ಮಾತು ತಂದು ನಿಲ್ಲಿಸಬೇಕು, ಇದಕ್ಕೆ ಯಾವ ಕಾನ್ಫಿಗರೇಶನ್ ಫೈಲೂ ಇಲ್ಲ. ಎಷ್ಟು ಚಂದ ನಡೆಯುತ್ತದೆ! ಆದರೆ ಆ ಸಾಲಿನಲ್ಲಿ ಹೊರಗಿನ ಒಬ್ಬ ನಾಟಕದವನನ್ನು ಕೂರಿಸಿ. ಅವನು ಎಷ್ಟೇ ಜಾಣನಾದರೂ ಮಿಕಮಿಕ ನೋಡುತ್ತಾನೆ. ಅವನು ಕೇಳುವುದು ನ್ಯಾಯವೇ: "ಇದನ್ನೆಲ್ಲ ಎಲ್ಲಿ ಬರೆದಿದ್ದಾರೆ?"

ರೇಲ್ಸ್ ಬಲ್ಲವರು ಐದು ಜನ ಸೇರಿದರೆ ಅವರ ವೇಗ ನೋಡಲಿಕ್ಕೇ ಚಂದ. ಆರನೆಯವನಾಗಿ ಹೊಸಬ ಬಂದು, ಈ ಫಂಕ್ಷನ್ ಎಲ್ಲಿದೆ ಅಂತ ಹೆಸರು ಕೊಟ್ಟು ಇಡೀ ಪ್ರಾಜೆಕ್ಟಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಯಾಕೆಂದರೆ ಅದು ಹೆಸರಿನಿಂದಲೇ ಓಡುವಾಗ ಹುಟ್ಟಿಕೊಂಡದ್ದು. ಪೈಥಾನಿನವರು ಇದಕ್ಕೇ ಸ್ವಲ್ಪ ದೂರ. ಅಡಗಿಸಿಡುವುದಕ್ಕಿಂತ ಬಿಡಿಸಿ ಹೇಳುವುದು ಮೇಲು ಅನ್ನುವುದು ಅವರ ಹಳೆಯ ನೀತಿ, ಪೈಥಾನಿನಲ್ಲಿ 'ಇಂಪೋರ್ಟ್ ದಿಸ್' ಅಂತ ಬರೆದರೆ ಪರದೆಯ ಮೇಲೇ ಬರುತ್ತದೆ. 2005ರಲ್ಲಿ ಬಂದ ಪೈಥಾನ್ ಫ್ರೇಮ್‌ವರ್ಕ್ ಜಾಂಗೋದಲ್ಲಿ ಸೆಟ್ಟಿಂಗ್ಸ್ ಅಂದರೆ ಒಂದು ಪೈಥಾನ್ ಫೈಲು. ಬಳಸುವ ಆ್ಯಪುಗಳ ಹೆಸರು ಒಂದೊಂದಾಗಿ ಅಲ್ಲಿ ಬರೆಯಬೇಕು. ಬೇಸರದ ಕೆಲಸ, ಆದರೆ ಓದಿದವನಿಗೆ ಏನಿದೆ ಅಂತ ಗೊತ್ತಾಗುತ್ತದೆ. ನೀವು ಕೇಳಿದರೆ, ನನಗೆ ಜಾಂಗೋ ಇಷ್ಟ. ರೇಲ್ಸ್ ಮೇಲೆ ಹೊಟ್ಟೆಕಿಚ್ಚು.

ರಿಯಾಕ್ಟ್, ಅದೇ ವೆಬ್ ಪುಟದ ಮುಖ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ, ಕಲಿತವರು ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ನಿಮ್ಮ ಹಿರಿಯರು 2016ರಿಂದ 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಅಂತ ಒಂದನ್ನು ಬಳಸುತ್ತಿದ್ದರು. ಒಂದೇ ಆಜ್ಞೆ, ಎಲ್ಲ ತಯಾರು, ವೆಬ್‌ಪ್ಯಾಕ್ ಅನ್ನುವ, ಕೋಡನ್ನೆಲ್ಲ ಸೇರಿಸಿ ಕಟ್ಟಿಕೊಡುವ ದೊಡ್ಡ ಯಂತ್ರವನ್ನು ಒಳಗೆ ಮುಚ್ಚಿಟ್ಟಿದ್ದರು. ಒಳಗಿನದ್ದನ್ನು ತಿದ್ದಬೇಕಾದರೆ 'ಇಜೆಕ್ಟ್' ಅಂತ ಕೊಡಬೇಕು. ಕೊಟ್ಟಿರೋ, ಮುಚ್ಚಳ ತೆರೆದು ನೂರಾರು ಸಾಲು ಕಾನ್ಫಿಗರೇಶನ್ ನಿಮ್ಮ ಮೈಮೇಲೆ ಬೀಳುತ್ತದೆ, ಮತ್ತೆ ಮುಚ್ಚುವ ಹಾಗಿಲ್ಲ. ಒಂದೋ ಪೂರ್ತಿ ಮುಚ್ಚಳ, ಇಲ್ಲವೇ ಪೂರ್ತಿ ಸಂಸಾರ. 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡದವರೇ ಹೊಸ ಆ್ಯಪುಗಳಿಗೆ ಅದನ್ನು ಬಳಸಬೇಡಿ ಅಂದರು. ಈಗ ಹೆಚ್ಚಿನವರು ಹಿಡಿದಿರುವುದು ಅದೇ ಕೆಲಸ ಮಾಡುವ ವೀಟ್. ಅದರಲ್ಲಿ ಕಾನ್ಫಿಗರೇಶನ್ ಒಂದು ಸಣ್ಣ ಫೈಲು, ಟೈಪ್‌ಸ್ಕ್ರಿಪ್ಟಿನಲ್ಲಿ ಬರೆಯಬಹುದು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಎಡಿಟರಿನಲ್ಲೇ ಕೆಂಪು ಗೆರೆ ಬೀಳುತ್ತದೆ, ಓಡಿಸಿ ನೋಡುವುದಕ್ಕಿಂತ ಮೊದಲೇ. ನನಗೆ ಇಷ್ಟವಾಗುವುದು ಆ ಕೆಂಪು ಗೆರೆ. ಅದರ ವೇಗದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ.

ಫೈಲುಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಯಾಮಲ್ ಹಾಗೆಯೇ ಜೇಸನ್, ಟಾಮಲ್ ಅಂತ ಇನ್ನೆರಡು ಬಗೆಯ ಫೈಲುಗಳಿವೆ. ಜೇಸನ್‌ನಲ್ಲಿ ಕಮೆಂಟ್, ಅಂದರೆ ಓದುವವರಿಗಾಗಿ ಬರೆಯುವ ಟಿಪ್ಪಣಿ, ಯಾಕಿಲ್ಲ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದನ್ನು ರೂಪಿಸಿದ ಡಗ್ಲಸ್ ಕ್ರಾಕ್‌ಫರ್ಡ್ ಬೇಕೆಂದೇ ತೆಗೆದದ್ದು. ಜನ ಕಮೆಂಟಿನ ಒಳಗೆ ಪ್ರೋಗ್ರಾಮಿಗೆ ಸೂಚನೆ ಕೊಡಲು ಶುರುಮಾಡಿದ್ದರಂತೆ, ಹಾಗಾದರೆ ಒಬ್ಬರ ಫೈಲು ಇನ್ನೊಬ್ಬರಿಗೆ ಓದಲಿಕ್ಕಾಗದು. ಯಂತ್ರದಿಂದ ಯಂತ್ರಕ್ಕೆ ಕಳಿಸಲು ಅದು ಸರಿ. ಮನುಷ್ಯ ಕೂತು ತಿದ್ದುವ ಫೈಲಿಗೆ, 'ಈ ಸಂಖ್ಯೆ ಬದಲಾಯಿಸಬೇಡ, ಕಳೆದ ಸಲ ಎಲ್ಲ ನಿಂತುಹೋಗಿತ್ತು' ಅಂತ ಬರೆಯಲು ಜಾಗ ಬೇಡವಾ? ಟಾಮಲ್‌ನಲ್ಲಿ ಆ ಜಾಗ ಇದೆ. ಗಿಟ್‌ಹಬ್ ಕಟ್ಟಿದವರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್ ವರ್ನರ್ 2013ರಲ್ಲಿ ಮಾಡಿದ್ದು. ಅಂಗಡಿಯ ಫೈಲನ್ನು ನಾನು ಆಮೇಲೆ ಟಾಮಲ್‌ಗೆ ಬದಲಾಯಿಸಿದೆ. ಉದ್ಧರಣ ಚಿಹ್ನೆ ಇಲ್ಲದೆ 0467 ಅಂತ ಬರೆದು ನೋಡಿದೆ. ಮುಂದೆ ಸೊನ್ನೆ ಇರುವ ಸಂಖ್ಯೆ ನಡೆಯದು ಅಂತ ಅಲ್ಲೇ ನಿಂತಿತು. 9:30 ಅಂತ ಕೊಟ್ಟೆ, ಅದಕ್ಕೂ ಒಪ್ಪಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ.

ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲೇ ಎಲ್ಲ ಇಡಿ ಅನ್ನುವವರ ಗುಂಪು ಒಂದಿದೆ, ಅಂದರೆ ಕೋಡಿನ ಹೊರಗೆ, ಪ್ರೋಗ್ರಾಮು ಓಡುವ ಯಂತ್ರದಲ್ಲಿ ಕೊಡುವ ಬೆಲೆಗಳಲ್ಲಿ. ಹೆರೋಕು ಕಂಪನಿಯವರು ಬರೆದ ಹನ್ನೆರಡು ಸೂತ್ರಗಳಿಂದ ಆ ಮಾತು ಹರಡಿತು. ಅವರು ಕೊಟ್ಟ ಪರೀಕ್ಷೆ ಚೆನ್ನಾಗಿದೆ: ನಿಮ್ಮ ಕೋಡನ್ನು ಈ ಕ್ಷಣ ಊರಿಗೆಲ್ಲ ಕೊಟ್ಟರೂ ಒಂದು ಪಾಸ್‌ವರ್ಡ್ ಹೊರಬೀಳಬಾರದು. ಒಪ್ಪಿದೆ. ಆದರೆ ಅಲ್ಲಿ ಎಲ್ಲವೂ ಬರೀ ಅಕ್ಷರಗಳ ಸಾಲು. ಹಿಂದೆ ಕೆಲಸ ಮಾಡಿದ ಒಂದು ಕಡೆ ನಾನೇ ಡೀಬಗ್ ಅನ್ನುವುದಕ್ಕೆ 'ಫಾಲ್ಸ್' ಅಂತ ಕೊಟ್ಟು, ಕೋಡಿನಲ್ಲಿ ಸುಮ್ನೆ 'ಇಫ್' ಹಾಕಿ ಪರೀಕ್ಷಿಸಿದೆ. 'ಫಾಲ್ಸ್' ಅನ್ನುವ ಐದು ಇಂಗ್ಲಿಷ್ ಅಕ್ಷರ ಖಾಲಿ ಅಲ್ಲವಲ್ಲ, ಹಾಗಾಗಿ ಪೈಥಾನಿಗೆ ಅದು 'ನಿಜ'. ಒಂದು ವಾರ ನಮ್ಮ ಸೈಟಿನಲ್ಲಿ ತಪ್ಪಾದಾಗಲೆಲ್ಲ ಒಳಗಿನ ಕೋಡಿನ ಸಾಲುಗಳು ಹೊರಗಿನವರಿಗೆ ಕಾಣುತ್ತಾ ಇದ್ದವು. ಕಂಡುಹಿಡಿದದ್ದು ನಾವಲ್ಲ, ಗಿರಾಕಿ.

ನಿಮ್ಮಲ್ಲಿ ತೋಟ ಇರುವವರು ಎಷ್ಟು ಜನ? ಹಾಗಾದರೆ ಬೋರ್ಡೋ ಗೊತ್ತು. ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತೇವೆ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇದು ಊರಿಗೆಲ್ಲ ಗೊತ್ತಿರುವ ಡಿಫಾಲ್ಟ್, ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಸುಣ್ಣ ಎಲ್ಲ ಒಂದೇ ಥರ ಇರುವುದಿಲ್ಲ, ಹಳೆಯದಾದರೆ ಅದರ ಬಲ ಕಮ್ಮಿ. ಅದಕ್ಕೆ ನನ್ನ ಅಪ್ಪ ಏನು ಮಾಡುತ್ತಿದ್ದರು ಅಂದರೆ, ಚೆನ್ನಾಗಿ ತಿಕ್ಕಿದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಇನ್ನಷ್ಟು ಹಾಕಿ, ಮತ್ತೆ ಅದ್ದಿ, ಅಲಗು ಬೆಳ್ಳಗೆ ಬಂದ ಮೇಲೆಯೇ ಮರ ಹತ್ತುವವನಿಗೆ "ಹ್ಞಾಂ, ಹೋಗು" ಅನ್ನುತ್ತಿದ್ದರು. ಹಾಗೇ ಬಿಟ್ಟರೆ ಎಳೆ ಕಾಯಿ ಸುಟ್ಟುಹೋಗುತ್ತದೆ, ಅದು ಗೊತ್ತಾಗುವುದು ನಾಲ್ಕು ದಿನ ಕಳೆದು, ಅಷ್ಟರಲ್ಲಿ ಇಡೀ ತೋಟಕ್ಕೆ ಬಿಟ್ಟಾಗಿರುತ್ತದೆ.

ನಾನು ಈಗ ಯಾವ ಫ್ರೇಮ್‌ವರ್ಕ್ ಹಿಡಿದರೂ ಮೊದಲ ದಿನ ಹುಡುಕುವುದು ಈ ಚೂರಿಯನ್ನು. ಪೈಥಾನಿನಲ್ಲಿ ಕೊಟ್ಟ ಬೆಲೆಗಳನ್ನು ಪರೀಕ್ಷಿಸುವ ಪೈಡ್ಯಾಂಟಿಕ್ ಅನ್ನುವ ಲೈಬ್ರರಿ ಇದೆ. ಡೀಬಗ್ ಅಂದರೆ ಹೌದು ಅಥವಾ ಅಲ್ಲ, ಪೋರ್ಟ್ ಅಂದರೆ ಸಂಖ್ಯೆ, ಅಂತ ಮೊದಲೇ ಹೇಳಿಟ್ಟರೆ, 'ಫಾಲ್ಸ್' ಅನ್ನುವ ಅಕ್ಷರವನ್ನು ಸರಿಯಾಗಿ 'ಅಲ್ಲ' ಅಂತಲೇ ತೆಗೆದುಕೊಳ್ಳುತ್ತದೆ, ಅರ್ಥವಾಗದ್ದು ಕೊಟ್ಟರೆ ಶುರುವೇ ಆಗುವುದಿಲ್ಲ. ಸ್ಪ್ರಿಂಗ್ ಬೂಟ್‌ನಲ್ಲೂ ಸೆಟ್ಟಿಂಗ್‌ಗಳನ್ನು ಒಂದು ಕ್ಲಾಸಿಗೆ ಕಟ್ಟಿ ಹೀಗೆ ಪರೀಕ್ಷಿಸಬಹುದು. ಹೆಚ್ಚಿನವರು ಮಾಡುವುದಿಲ್ಲ. ಕೋಡಿನ ಸಾಲಿನ ಮುಂದೆ ಟ್ಯಾಬೋ ಸ್ಪೇಸೋ ಅಂತ ಜಗಳ ಮಾಡಲು ಇರುವ ಸಮಯ ಇದಕ್ಕೆ ಇರುವುದಿಲ್ಲ. ಗೋ ಭಾಷೆಯವರು ಆ ಜಗಳವನ್ನು ಕೋಡನ್ನು ತಾನೇ ಒಂದೇ ಶೈಲಿಗೆ ತರುವ gofmt ಅನ್ನುವ ಒಂದು ಸಾಧನ ಕೊಟ್ಟು ಮುಗಿಸಿದರು, ಅದರಲ್ಲಿ ಶೈಲಿ ಆರಿಸುವ ಆಯ್ಕೆಯೇ ಇಲ್ಲ. ಜಾವಾಸ್ಕ್ರಿಪ್ಟಿನವರಿಗೆ 2017ರಲ್ಲಿ ಅದೇ ಥರದ ಪ್ರೆಟಿಯರ್ ಬಂತು.

ಕೊನೆಗೆ, ಇಲ್ಲಿಗೆ ಬರುವ ಮೊದಲು ಚೀಟಿಯಲ್ಲಿ ಬಂದ ಒಂದು ಪ್ರಶ್ನೆ: "ಸರ್, ಕಾನ್ಫಿಗರೇಶನ್ ಫೈಲಿನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದಾ?" ಬರೆಯಬಹುದು. ಜೇಸನ್, ಯಾಮಲ್ ಎರಡಕ್ಕೂ ಅಡ್ಡಿಯಿಲ್ಲ, ಟಾಮಲ್‌ನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಬೇಕು. ಮಾವನ ಫೈಲಿನಲ್ಲಿ ನಾನು ಅದನ್ನೂ ಮಾಡಿದ್ದೆ. ಅಂಗಡಿಯ ಹೆಸರು 'ಕಾಸರಗೋಡು' ಅಂತ ಕನ್ನಡದಲ್ಲೇ. ಒಂದು ದಿನ ಪ್ರೋಗ್ರಾಮು 'ಕಾಸರಗೋಡು' ಸಿಗಲಿಲ್ಲ ಅಂದಿತು. ಕಣ್ಣೆದುರೇ ಇದೆ! ಅರ್ಧ ಗಂಟೆ ನೋಡಿದೆ. ಮಾವನ ಮಗ ಯಾವುದೋ ಹಳೆಯ ಕಡತದಿಂದ ಆ ಹೆಸರನ್ನು ನಕಲು ಮಾಡಿ ಹಾಕಿದ್ದ. ಯುನಿಕೋಡಿನಲ್ಲಿ 'ಗೋ' ಅನ್ನುವುದರ ಓತ್ವದ ದೀರ್ಘಕ್ಕೆ ಒಂದೇ ಸಂಕೇತ ಇದೆ. ಎತ್ವ, ಊತ್ವ, ದೀರ್ಘದ ಗುರುತು, ಈ ಮೂರನ್ನು ಒಂದರ ಹಿಂದೆ ಒಂದು ಇಟ್ಟರೂ ಪರದೆಯ ಮೇಲೆ ಅದೇ 'ಗೋ' ಕಾಣುತ್ತದೆ. ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಓದಿದ ಕೂಡಲೇ ಎಲ್ಲವನ್ನೂ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತರಬೇಕು, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ಆ ಸಾಲು ಹಾಕಿ, ಅದರ ಮೇಲೆ ಯಾಕೆ ಹಾಕಿದೆ ಅಂತ ಎರಡು ಸಾಲು ಕಮೆಂಟ್ ಬರೆದು, ಮಾವನಿಗೆ ಫೋನು ಮಾಡಿ ಸರಿಯಾಯಿತು ಅಂದೆ. "ಸರಿ, ಈಗ ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಬರ್ತಾ ಉಂಟು?" ಅಂತ ಕೇಳಿದರು.